ನಕಲಿ ಅಂಕಪಟ್ಟಿಗೆ ಕಾಲ ಮಿತಿಯಿಲ್ಲ

ನಕಲಿ ಅಂಕಪಟ್ಟಿಯ ಕೇಸು ಹಿಡಿದು ನನ್ನ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ನಲವತ್ತು, ಐವತ್ತು ದಾಟಿದವರು. ಧಾರವಾಡದಲ್ಲಿ ನೌಕರರ ಸೇವಾ ವ್ಯಾಜ್ಯ ನಡೆಸುವ ವಕೀಲೆ ನಾನು. "ಇಪ್ಪತ್ತು ವರ್ಷ ದುಡಿದೀನ್ರಿ ಮ್ಯಾಡಂ, ಒಂದು ಮೆಮೊ ಸೈತ ಬಂದಿಲ್ಲ. ಈಗ್ಯಾಕ ತಗದ್ರು?" ಎಂದು ಕೇಳುತ್ತಾರೆ. ಆಮೇಲೆ ದನಿ ತಗ್ಗಿಸಿ, "ಜೈಲ್ ಆಗ್ತದೇನ್ರಿ?" ಎನ್ನುತ್ತಾರೆ. ಜೈಲಿನ ಭಯ ಸಹಜ. ಆದರೆ ಜೈಲಿಗೆ ಹೋಗದವರೂ ಏನೇನು ಕಳೆದುಕೊಳ್ಳುತ್ತಾರೆ ಎಂಬುದನ್ನು ನಮ್ಮಲ್ಲಿ ಯಾರೂ ಮೊದಲೇ ಹೇಳುವುದಿಲ್ಲ.

ಸಿಕ್ಕಿಬೀಳುವ ಬಗೆ ಸರಳ. ಬಡ್ತಿಯ ಹೊತ್ತಿಗೋ, ಯಾರೋ ದೂರು ಕೊಟ್ಟಾಗಲೋ ಇಲಾಖೆಯು ಅಂಕಪಟ್ಟಿಯನ್ನು ನೈಜತೆ ಪರಿಶೀಲನೆಗೆಂದು ಪರೀಕ್ಷಾ ಮಂಡಳಿಗೆ ಕಳಿಸುತ್ತದೆ. ಆ ನೋಂದಣಿ ಸಂಖ್ಯೆಯ ಮುಂದೆ ಬೇರೆಯವರ ಹೆಸರಿದೆ, ಇಲ್ಲವೇ 'ಅನುತ್ತೀರ್ಣ' ಎಂದಿದೆ ಎಂಬ ಉತ್ತರ ಬರುತ್ತದೆ. ನೋಟಿಸ್, ಅಮಾನತು, ಎಫ್‌ಐಆರ್ ಒಂದರ ಹಿಂದೊಂದು ಬರುತ್ತವೆ.

'ಇಷ್ಟು ವರ್ಷ ಆಯಿತಲ್ಲ' ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಕೇಸು ಹಾಕಲು ಕಾಲಮಿತಿ ಇರುವುದು 3 ವರ್ಷದವರೆಗಿನ ಶಿಕ್ಷೆಯ ಸಣ್ಣ ಅಪರಾಧಗಳಿಗೆ ಮಾತ್ರ. ವಂಚಿಸಿ ಲಾಭ ಪಡೆಯುವುದಕ್ಕೂ, ವಂಚಿಸಲೆಂದೇ ದಾಖಲೆ ಸೃಷ್ಟಿಸುವುದಕ್ಕೂ 7 ವರ್ಷದವರೆಗೆ ಶಿಕ್ಷೆಯಿದೆ. ಅವಕ್ಕೆ ಆ ಮಿತಿ ಅನ್ವಯಿಸುವುದಿಲ್ಲ. ಹಳೆಯ ಪ್ರಕರಣಗಳಿಗೆ ಭಾರತೀಯ ದಂಡ ಸಂಹಿತೆಯ 420, 468, 471ನೇ ಕಲಮುಗಳು. 2024ರ ಜುಲೈ 1ರಿಂದ ನಡೆದವಕ್ಕೆ ಭಾರತೀಯ ನ್ಯಾಯ ಸಂಹಿತೆಯ 318, 336, 340.

"ರೊಕ್ಕ ತುಂಬಿಬಿಟ್ರ ರಾಜಿ ಆಗೂದಿಲ್ಲೇನ್ರಿ?" ಎಂದು ಮನೆಯವರು ಕೇಳುತ್ತಾರೆ. ಬರಿಯ ವಂಚನೆಯಾದರೆ, ಮೋಸಹೋದವರು ಒಪ್ಪಿ ನ್ಯಾಯಾಲಯವೂ ಅನುಮತಿ ಕೊಟ್ಟರೆ ರಾಜಿಗೆ ದಾರಿಯಿದೆ. ಖೊಟ್ಟಿ ದಾಖಲೆ ಸೃಷ್ಟಿಸಿದ ಅಪರಾಧ ಕಾನೂನಿನ ರಾಜಿಪಟ್ಟಿಯಲ್ಲೇ ಇಲ್ಲ. ಪಡೆದ ಸಂಬಳವನ್ನೆಲ್ಲ ಮರಳಿಸಿದರೂ ಕೇಸು ತಾನಾಗಿ ಬಿದ್ದುಹೋಗುವುದಿಲ್ಲ.

ಇಲಾಖಾ ವಿಚಾರಣೆಯ ಹಾದಿಯೇ ಬೇರೆ. ಕ್ರಿಮಿನಲ್ ನ್ಯಾಯಾಲಯದಲ್ಲಿ ಆರೋಪ ಸಂಶಯಾತೀತವಾಗಿ ಸಾಬೀತಾಗಬೇಕು. ಇಲಾಖೆಯಲ್ಲಿ ಅಷ್ಟು ಕಟ್ಟುನಿಟ್ಟಾದ ಪುರಾವೆ ಬೇಡ. ಹಾಗಾಗಿ ಕೋರ್ಟಿನಲ್ಲಿ ಖುಲಾಸೆಯಾದವರಿಗೂ ಕೆಲಸ ತಾನಾಗಿ ಮರಳಿ ಸಿಗುವುದಿಲ್ಲ. ಕೇರಳದ ಪೊಲೀಸ್ ಅಧಿಕಾರಿಯೊಬ್ಬರು ಸುಳ್ಳು ಜಾತಿ ಪ್ರಮಾಣಪತ್ರದಿಂದ ಕೆಲಸ ಪಡೆದದ್ದು ಬಯಲಾಗಿ ವಜಾಗೊಂಡಿದ್ದರು. 'ಸುಮಾರು 27 ವರ್ಷ ಸೇವೆ ಸಲ್ಲಿಸಿದ್ದೇನೆ, ವಜಾ ಬದಲು ಕಡ್ಡಾಯ ನಿವೃತ್ತಿ ಕೊಟ್ಟು ಪಿಂಚಣಿಯನ್ನಾದರೂ ಉಳಿಸಿ' ಎಂಬುದು ಅವರ ಕೋರಿಕೆ. 2004ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನೇಮಕಾತಿಯೇ ವಂಚನೆಯದಾದರೆ ಅದರ ಮೇಲೆ ಪಿಂಚಣಿಯ ಹಕ್ಕು ನಿಲ್ಲದು ಎಂದಿತು. ಸುಳ್ಳು ಜನ್ಮದಿನಾಂಕ ಕೊಟ್ಟು ಸಾರ್ವಜನಿಕ ಉದ್ದಿಮೆಯಲ್ಲಿ ಕೆಲಸಕ್ಕೆ ಸೇರಿದ್ದವರೊಬ್ಬರ ಗ್ರಾಚ್ಯುಟಿ ಮುಟ್ಟುಗೋಲನ್ನು ಅದೇ ನ್ಯಾಯಾಲಯ 2025ರಲ್ಲಿ ಎತ್ತಿಹಿಡಿಯಿತು. ಅದಕ್ಕೆ ಕ್ರಿಮಿನಲ್ ಶಿಕ್ಷೆ ಆಗಿರಲೇಬೇಕೆಂದಿಲ್ಲ ಎಂದೂ ಹೇಳಿತು.

ಇನ್ನು ಮನೆಯ ಸ್ಥಿತಿ. ಅಮಾನತಿನ ಕಾಲದಲ್ಲಿ ಕೈಗೆ ಬರುವುದು ಜೀವನಾಧಾರ ಭತ್ಯೆ, ಮೊದಮೊದಲು ಅರ್ಧ ಸಂಬಳದಷ್ಟು. ಮನೆಸಾಲದ ಕಂತು ಮಾತ್ರ ಪೂರ್ತಿ ಕಟ್ಟಬೇಕು. ನೌಕರರ ಪತ್ತಿನ ಸಂಘದಲ್ಲಿ ತೆಗೆದ ಸಾಲಕ್ಕೆ ಜಾಮೀನು ನಿಂತ ಸಹೋದ್ಯೋಗಿಗಳ ಸಂಬಳದಿಂದ ಕಂತು ಕಡಿತವಾಗತೊಡಗುತ್ತದೆ. ಮಗಳ ಸಂಬಂಧ ನೋಡಲು ಬಂದವರು ಊರಲ್ಲಿ ವಿಚಾರಿಸಿ ಸುಮ್ಮನಾಗುತ್ತಾರೆ. ಪ್ರಕರಣ ಬಾಕಿ ಇರುವಾಗ ಪಾಸ್‌ಪೋರ್ಟ್ ಬೇಕೆಂದರೆ ನ್ಯಾಯಾಲಯದ ಅನುಮತಿ ತರಬೇಕು. ಇಂಥ ಅಪರಾಧಕ್ಕೆ 2 ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ, ತೀರ್ಪಿನಿಂದ 5 ವರ್ಷ ಪಾಸ್‌ಪೋರ್ಟ್ ನಿರಾಕರಿಸಬೇಕೆಂದು ಕಾನೂನೇ ಹೇಳುತ್ತದೆ. ಹೊಸ ಕೆಲಸದ ಅರ್ಜಿಯಲ್ಲಿ 'ನಿಮ್ಮ ಮೇಲೆ ಪ್ರಕರಣವಿದೆಯೇ?' ಎಂಬ ಕಾಲಂ ಇರುತ್ತದೆ. ಅಲ್ಲಿ ಮುಚ್ಚಿಟ್ಟರೆ ಆ ಕೆಲಸವೂ ಹೋಗಬಹುದು.

ನಾನು ಇಂಥವರ ಪರವಾಗಿ ವಾದಿಸುತ್ತೇನೆ. ನ್ಯಾಯಯುತ ವಿಚಾರಣೆ ಪ್ರತಿಯೊಬ್ಬರ ಹಕ್ಕು. ಕೆಲವರು ನಿಜಕ್ಕೂ ಏಜೆಂಟರ ಮಾತಿಗೆ ಮೋಸಹೋದವರೇ. ಆದರೆ ಕಡತ ಓದುವಾಗಲೆಲ್ಲ ನನ್ನ ಕಣ್ಣು ಆಯ್ಕೆಪಟ್ಟಿಯ ಮೇಲೆ ನಿಲ್ಲುತ್ತದೆ. ಅದರಲ್ಲಿ ಇವರ ಕೆಳಗೆ, ಒಂದೆರಡು ಅಂಕದಲ್ಲಿ ಉಳಿದುಹೋದ ಹೆಸರೊಂದು ಇರುತ್ತದೆ. ರಾತ್ರಿಯೆಲ್ಲ ಓದಿ ಪ್ರಾಮಾಣಿಕವಾಗಿ ಬರೆದ ಆ ಹುಡುಗಿಗೋ ಹುಡುಗನಿಗೋ ಈಗ ವಯೋಮಿತಿ ಮೀರಿದೆ. ನ್ಯಾಯಾಲಯ ಇವರನ್ನು ವಜಾ ಮಾಡಿಸಬಹುದು, ಅವರ ಇಪ್ಪತ್ತು ವರ್ಷವನ್ನು ತಂದುಕೊಡಲಾರದು. ಇದನ್ನು ಯಾರಿಗೂ ಕೆಡುಕಾಗದ ತಪ್ಪು ಎಂದು ಕರೆಯಲು ನನಗೆ ಮನಸ್ಸು ಬಾರದು.

ಅದಕ್ಕೇ ತಂದೆ-ತಾಯಂದಿರಿಗೆ ಒಂದು ಮಾತು. ಫೇಲಾದ ಮಗನಿಗೆ ಅಂಕಪಟ್ಟಿ 'ಮಾಡಿಸಿಕೊಡುತ್ತೇನೆ' ಎನ್ನುವವನ ಕೈಗೆ ನೀವು ದುಡ್ಡು ಕೊಟ್ಟರೆ ಒಳಸಂಚಿನ ಆರೋಪ ನಿಮ್ಮ ಮೇಲೂ ಬರುತ್ತದೆ. ಆರೋಪಪಟ್ಟಿಯಲ್ಲಿ ಮಗ ಒಂದನೇ ಆರೋಪಿಯಾದರೆ ಅಪ್ಪ ಎರಡನೆಯವನಾಗಬಹುದು. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಮತ್ತೆ ಬರೆಯಬಹುದು. ಮುಕ್ತ ಶಾಲೆಯ ಪರೀಕ್ಷೆಗಳಿವೆ. ಆ ದುಡ್ಡಿನಲ್ಲಿ ಟ್ಯೂಷನ್‌ಗೆ ಕಳಿಸಿ. ಪಾಸಾಗಲು ಇನ್ನೂ ಎರಡು ವರ್ಷ ಹಿಡಿದರೂ ಹಿಡಿಯಲಿ, ಆ ಅಂಕಪಟ್ಟಿಯನ್ನು ಯಾವ ಇಲಾಖೆ ಯಾವಾಗ ಪರಿಶೀಲನೆಗೆ ಕಳಿಸಿದರೂ ನಿಮ್ಮ ಮಗ ಹೆದರಬೇಕಾಗಿಲ್ಲ.