ಕಡತ ತೆರೆಯುವಲ್ಲಿನ ವಿಳಂಬ: ಒಂದು ಗುಪ್ತ ಕಾರಣ

ಗಣಕಯಂತ್ರದಲ್ಲಿ ಕಡತವೊಂದು ತೆರೆಯಲು ತಡವಾದೊಡನೆ ಡಿಸ್ಕಿನ ಮೇಲೆ ದೋಷ ಹೊರಿಸುವುದು ವಾಡಿಕೆ. ನಮ್ಮ ವಿಭಾಗದಲ್ಲಿಯೂ ಹೀಗೆಯೇ ಆಯಿತು. ಸಂಶೋಧನ ವಿದ್ಯಾರ್ಥಿಗಳ ಪ್ರಬಂಧದ ಅಧ್ಯಾಯಗಳು, ಗಾತ್ರದಲ್ಲಿ ತೀರ ಸಣ್ಣವು, ವರ್ಡ್ ತಂತ್ರಾಂಶದಲ್ಲಿ ತೆರೆಯಲು ಅರ್ಧ ನಿಮಿಷದಷ್ಟು ಕಾಲ ತೆಗೆದುಕೊಳ್ಳುತ್ತಿದ್ದುವು. ಹೊಸ ಡಿಸ್ಕುಗಳನ್ನು ಕೊಳ್ಳುವ ಪ್ರಸ್ತಾಪವೂ ಬರೆದು ಸಿದ್ಧವಾಗಿತ್ತು. ಅದಕ್ಕೆ ಸಹಿ ಬೀಳುವ ಮುನ್ನ ನಾವು ನಡೆಸಿದ ಪರೀಕ್ಷೆಯ ವಿವರವನ್ನು ಇಲ್ಲಿ ಕೊಡುತ್ತೇವೆ.

ಮೊದಲು ಕಂಡುಬಂದುದು, ಹಳೆಯ ಅಧ್ಯಾಯಗಳಷ್ಟೇ ನಿಧಾನ ಎಂಬುದು. ಅದೇ ಗಾತ್ರದ ಹೊಸವು ಕ್ಷಣದಲ್ಲಿ ತೆರೆಯುತ್ತಿದ್ದುವು. ಹಳೆಯದೊಂದನ್ನು ಹೊಸ ಯಂತ್ರಕ್ಕೆ ನಕಲು ಮಾಡಿ ನೋಡಿದೆವು. ವಿಳಂಬ ಅಲ್ಲಿಯೂ ಹಿಂಬಾಲಿಸಿತು. ಬಳಿಕ ನೆಟ್‌ವರ್ಕ್ ಕೇಬಲನ್ನು ಕಳಚಿದೆವು. ಕಡತವು ತಟ್ಟನೆ ತೆರೆಯಿತು! ಡಿಸ್ಕು ನಿರಪರಾಧಿಯೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿರಲಿಲ್ಲ.

ತನ್ನ ಮುಂದೆಯೇ ಇರುವ ಕಡತವನ್ನು ಓದಲು ಯಂತ್ರವು ಹೊರಗೆ ಯಾರನ್ನು ಕೇಳುತ್ತಿತ್ತು? ಪ್ರೊಸೆಸ್ ಮಾನಿಟರ್ ಎಂಬ ಉಚಿತ ಸಾಧನವು ವರ್ಡಿನ ಒಂದೊಂದು ಕ್ರಿಯೆಯನ್ನೂ ಅದಕ್ಕೆ ಹಿಡಿದ ಕಾಲವನ್ನೂ ದಾಖಲಿಸುತ್ತದೆ. ಆ ದಾಖಲೆಯಲ್ಲಿ, ಹಿಂದೆಯೇ ಸೇವೆಯಿಂದ ತೆಗೆದುಹಾಕಿದ್ದ ಸರ್ವರೊಂದರ ಹೆಸರು ಕಾಣಿಸಿತು. ವರ್ಡ್ ಕಡತವು ತನ್ನ ಟೆಂಪ್ಲೇಟು, ಎಂದರೆ ಮಾದರಿ ಪತ್ರ, ಎಲ್ಲಿದೆಯೆಂಬುದನ್ನು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ಡಾಕ್ಸ್ ಕಡತವು ವಸ್ತುತಃ ಒಂದು ಜಿಪ್ ಕಟ್ಟು. ಅದನ್ನು ಬಿಚ್ಚಿದರೆ ಈ ವಿಳಾಸವನ್ನು ಕಣ್ಣಾರೆ ಓದಬಹುದು. ಪ್ರಬಂಧಗಳಿಗೆಲ್ಲ ಸಾಮಾನ್ಯವಾಗಿದ್ದ ನಮ್ಮ ಟೆಂಪ್ಲೇಟು ಆ ಹಳೆಯ ಸರ್ವರಿನಲ್ಲಿತ್ತು.

ಇಲ್ಲದ ಸರ್ವರನ್ನು ಕೇಳಿದರೆ ಇಲ್ಲವೆಂಬ ಉತ್ತರ ಕೂಡಲೆ ಬರಬೇಕಲ್ಲವೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಯುಕ್ತವೇ. ನಿರಾಕರಣೆಯೂ ಒಂದು ಉತ್ತರ. ಸ್ಥಳೀಯ ಜಾಲದಲ್ಲಿ ಅದು ಮಿಲಿಸೆಕೆಂಡುಗಳಲ್ಲಿ ಬರುತ್ತದೆ. ಆದರೆ ಹಳೆಯ ಹೆಸರು ಡಿಎನ್‌ಎಸ್ ಪಟ್ಟಿಯಲ್ಲಿ ಉಳಿದಿತ್ತು. ಅದರ ವಿಳಾಸಕ್ಕೆ ಹೋಗುವ ದಾರಿಯಲ್ಲಿದ್ದ ಫೈರ್‌ವಾಲ್ ಈ ಕೋರಿಕೆಗಳನ್ನು ಸದ್ದಿಲ್ಲದೆ ನುಂಗುತ್ತಿತ್ತು. ಉತ್ತರವೇ ಬಾರದಿದ್ದರೆ, ಕೋರಿಕೆ ದಾರಿಯಲ್ಲಿ ಕಳೆದುಹೋಗಿರಬಹುದೆಂದು ಟಿಸಿಪಿ ಅದನ್ನು ಮತ್ತೆ ಕಳುಹಿಸುತ್ತದೆ. ಪ್ರತಿಸಲವೂ ಕಾಯುವ ಅವಧಿಯನ್ನು ಇಮ್ಮಡಿಸುತ್ತದೆ. ೧೯೮೯ರ ಅಂತರಜಾಲ ನಿಯಮಾವಳಿಯಲ್ಲಿ ಮೊದಲ ಅವಧಿ ೩ ಸೆಕೆಂಡು ಎಂದಿತ್ತು; ೨೦೧೧ರಲ್ಲಿ ಅದನ್ನು ೧ ಸೆಕೆಂಡಿಗೆ ಇಳಿಸಲಾಯಿತು. ವಿಂಡೋಸ್ ೭ರ ಕಾಲದ ಯಂತ್ರಗಳು ೩, ೬, ೧೨ ಎಂದು ಮೂರು ಸಲ ಕಾದು, ಒಟ್ಟು ೨೧ ಸೆಕೆಂಡು ಕಳೆದ ಮೇಲೆಯೇ ಆಸೆ ಬಿಡುತ್ತಿದ್ದುವು. ಅಲ್ಲಿಗೂ ಮುಗಿಯದೆ, ವೆಬ್‌ಕ್ಲೈಂಟ್ ಸೇವೆ ನಡೆಯುತ್ತಿದ್ದಲ್ಲಿ, ಅದೇ ಹೆಸರನ್ನು ಎಚ್‌ಟಿಟಿಪಿ ಮಾರ್ಗವಾಗಿ ಇನ್ನೊಮ್ಮೆ ಹುಡುಕುವುದುಂಟು.

ಹಳೆಯ ಹೆಸರನ್ನು ಹೊಸ ಸರ್ವರಿಗೆ ಕೊಟ್ಟರೆ ಸಾಕೆಂಬ ಸಲಹೆ ಬಂದಿತು. ಸುಲಭವೇನೋ ಹೌದು, ನಾವು ಒಪ್ಪಲಿಲ್ಲ. ಒಡೆಯನಿಲ್ಲದ ಹೆಸರನ್ನು ನಂಬುವ ಕಡತಗಳು ಹಾಗೆಯೇ ಉಳಿಯುತ್ತವೆ. ಮುಂದೆಂದಾದರೂ ಆ ಹೆಸರು ಪರರ ಕೈಸೇರಿದರೆ, ಅವರು ಮ್ಯಾಕ್ರೋ ತುಂಬಿದ ಟೆಂಪ್ಲೇಟನ್ನು ಅಲ್ಲಿಡಬಹುದು. ಕೇಳಲು ಹೋದ ಯಂತ್ರವು ಬಳಕೆದಾರನ ಲಾಗಿನ್ ಪ್ರಮಾಣವನ್ನೂ ಅವರಿಗೆ ಒಪ್ಪಿಸಬಹುದು. ವಿಳಂಬಕ್ಕಿಂತ ಇದು ಘೋರತರ. ಆದುದರಿಂದ ಕಡತಗಳಲ್ಲಿ ಟೆಂಪ್ಲೇಟಿನ ವಿಳಾಸವನ್ನೇ ಬದಲಿಸಿ, ಡಿಎನ್‌ಎಸ್ ಪಟ್ಟಿಯಿಂದಲೂ ಹಳೆಯ ಹೆಸರನ್ನು ಅಳಿಸಿದೆವು. ಡಿಸ್ಕಿನ ಪ್ರಸ್ತಾಪವನ್ನು ಹಿಂತೆಗೆದುಕೊಂಡೆವು. ಪೆನ್‌ಡ್ರೈವುಗಳಲ್ಲಿ ಮನೆಗೆ ಹೋಗಿರುವ ಪ್ರತಿಗಳಲ್ಲಿ ಹಳೆಯ ವಿಳಾಸ ಇನ್ನೂ ಇದೆ. ವಿದ್ಯಾರ್ಥಿಗಳು ತಂದಂತೆಲ್ಲ ಅವನ್ನು ಸರಿಪಡಿಸುತ್ತಿದ್ದೇವೆ.