ಕಾಫಿಸೀಮೆಯ ಕಾಲೇಜು ವಿದ್ಯಾರ್ಥಿಯೂ ಸೈನ್ಯಾಧಿಕಾರಿಯ ಶಿಕ್ಷಣವೂ

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಸೀಮೆಯಿಂದ ಬರುವ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಅಧ್ಯಾಪಕರಿಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಪದವಿಯ ಕೊನೆಯ ವರ್ಷದಲ್ಲಿರುವವನೊಬ್ಬನು ಬಂದು, "ಎನ್.ಸಿ.ಸಿ.ಯ ಮೂಲಕ ಸೈನ್ಯದಲ್ಲಿ ಅಧಿಕಾರಿಯಾಗಬಹುದಂತೆ, ನಾನು ಈಗ ಸೇರಬಹುದೇ ಸಾರ್?" ಎಂದು ಕೇಳುತ್ತಾನೆ. ಸೇರಬೇಕಾಗಿದ್ದ ಕಾಲವು ಎರಡು ವರ್ಷಗಳ ಹಿಂದೆಯೇ ಕಳೆದುಹೋಗಿದೆಯೆಂಬುದು ಅವನಿಗೆ ದೊರೆಯುವ ಉತ್ತರ. ಇಂತಹ ಪ್ರಸಂಗಗಳು ಕಡಿಮೆಯಾಗಲೆಂಬ ಉದ್ದೇಶದಿಂದ ಈ ವ್ಯವಸ್ಥೆಯ ಸ್ವರೂಪವನ್ನೂ, ನಮ್ಮ ಸೀಮೆಯಲ್ಲಿ ಅದಕ್ಕೊದಗುವ ವಿಶೇಷ ತೊಡಕುಗಳನ್ನೂ ಇಲ್ಲಿ ವಿವೇಚಿಸಿದ್ದೇವೆ.

ಕಾಲೇಜಿನಲ್ಲಿರುವಾಗಲೇ ಸೈನಿಕ ಶಿಕ್ಷಣವನ್ನು ಕೊಡುವ ಪದ್ಧತಿಯು ನಮ್ಮ ದೇಶಕ್ಕೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿಯೇ ವಿಶ್ವವಿದ್ಯಾನಿಲಯಗಳಲ್ಲಿ ಇಂತಹ ದಳಗಳಿದ್ದವು. 1942ರಲ್ಲಿ ಅವುಗಳಿಗೆ 'ಯೂನಿವರ್ಸಿಟಿ ಆಫೀಸರ್ಸ್ ಟ್ರೈನಿಂಗ್ ಕೋರ್' ಎಂಬ ಹೆಸರು ಬಂದಿತು. 1946ರಲ್ಲಿ ಪಂಡಿತ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಸಮಿತಿಯ ಸಲಹೆಯಂತೆ 1948ರ ಶಾಸನದಿಂದ ಎನ್.ಸಿ.ಸಿ. ಅಸ್ತಿತ್ವಕ್ಕೆ ಬಂದಿತು. ಮರುವರ್ಷವೇ ವಿದ್ಯಾರ್ಥಿನಿಯರಿಗೂ ಪ್ರವೇಶ ದೊರೆಯಿತು. 1962ರ ಚೀನಾ ಯುದ್ಧದ ತರುವಾಯ 1963ರಲ್ಲಿ ಇದು ಕಾಲೇಜುಗಳಲ್ಲಿ ಕಡ್ಡಾಯವಾಗಿ, 1968ರಲ್ಲಿ ಮತ್ತೆ ಐಚ್ಛಿಕವಾಯಿತು.

ತಂದೆತಾಯಿಗಳಲ್ಲಿ ಬೇರೂರಿರುವ ಒಂದು ಭೀತಿಯನ್ನು ಇಲ್ಲಿಯೇ ನಿವಾರಿಸಬೇಕು. ಎನ್.ಸಿ.ಸಿ.ಗೆ ಹೆಸರು ಕೊಟ್ಟ ಮಾತ್ರಕ್ಕೆ ಮಗನನ್ನು ಯುದ್ಧಕ್ಕೆ ಕರೆದೊಯ್ಯುವರೆಂಬುದು ಆಧಾರವಿಲ್ಲದ ಮಾತು. ದಳದ ಸದಸ್ಯತ್ವದಿಂದ ಸಕ್ರಿಯ ಸೈನ್ಯಸೇವೆಯ ಹೊಣೆ ಯಾರಿಗೂ ಬಾರದೆಂದು 1948ರ ಶಾಸನವೇ ಸ್ಪಷ್ಟಪಡಿಸಿದೆ. ಒಬ್ಬನೇ ಮಗ, ನಾಳೆ ತೋಟ ನೋಡಿಕೊಳ್ಳುವವರಾರು ಎಂದು ಚಿಂತಿಸುವ ಮನೆಗಳಲ್ಲಿ ಅಧ್ಯಾಪಕರು ಈ ಅಂಶವನ್ನು ತಿಳಿಯಹೇಳುವುದು ಉಚಿತ.

ಇನ್ನು ಮಾರ್ಗದ ವಿಚಾರ. ಕಾಲೇಜು ವಿದ್ಯಾರ್ಥಿಯು ಮೊದಲ ಎರಡು ವರ್ಷಗಳ ಶಿಕ್ಷಣದಿಂದ 'ಬಿ' ಪ್ರಮಾಣಪತ್ರಕ್ಕೂ, ಮೂರನೆಯ ವರ್ಷದಲ್ಲಿ 'ಸಿ' ಪ್ರಮಾಣಪತ್ರಕ್ಕೂ ಅರ್ಹನಾಗುತ್ತಾನೆ. ಕವಾಯತಿನಲ್ಲಿ ನೂರಕ್ಕೆ 75ರಷ್ಟು ಹಾಜರಿಯೂ ನಿಯತ ಶಿಬಿರಗಳೂ ಆಗಿರಬೇಕು. 'ಸಿ' ಪರೀಕ್ಷೆಯಲ್ಲಿ 'ಬಿ' ಶ್ರೇಣಿಗೆ ಕಡಿಮೆಯಿಲ್ಲದಂತೆ ತೇರ್ಗಡೆಯಾಗಿ, ಪದವಿಯಲ್ಲಿ ನೂರಕ್ಕೆ 50 ಅಂಕಗಳನ್ನು ಪಡೆದ 19ರಿಂದ 25 ವಯಸ್ಸಿನೊಳಗಿನ ಅವಿವಾಹಿತರು ಎನ್.ಸಿ.ಸಿ. ವಿಶೇಷ ಪ್ರವೇಶಕ್ಕೆ ಅರ್ಜಿ ಹಾಕಬಹುದು. ಅವರಿಗೆ ಲಿಖಿತ ಪರೀಕ್ಷೆಯಿಲ್ಲ. ಅರ್ಜಿಗಳನ್ನು ಶೋಧಿಸಿದ ಮೇಲೆ ನೇರವಾಗಿ ಆಯ್ಕೆಮಂಡಲಿಯ ಮುಂದೆ ಕರೆಯುತ್ತಾರೆ. ಮೂರು ವರ್ಷದ ಪದವಿಯಲ್ಲಿ ಮೂರು ವರ್ಷವೂ ಬೇಕಾಗುವುದರಿಂದ, ಮೊದಲ ವರ್ಷದಲ್ಲಿ ಸೇರದವನಿಗೆ ಈ ಬಾಗಿಲು ಮುಚ್ಚಿದಂತೆಯೇ ಸರಿ.

ನಮ್ಮ ಸೀಮೆಯ ತೊಡಕು ಇರುವುದು ಇಲ್ಲಿಯೇ. ಕಾಲೇಜಿನ ಮೊದಲ ವಾರಗಳು ಬಹುಮಟ್ಟಿಗೆ ಮಳೆಗಾಲಕ್ಕೆ ಬೀಳುತ್ತವೆ. ಭದ್ರೆ ತುಂಬಿ ಕಳಸದ ಬಳಿಯ ಹೆಬ್ಬಾಳೆ ಸೇತುವೆ ಮುಳುಗಿತೆಂದರೆ ಹೊರನಾಡಿನ ಕಡೆಯವರಿಗೆ ದಾರಿಯೇ ಕಟ್ಟಾಗುತ್ತದೆ. ಬಸ್ಸು ತಪ್ಪಿದ ಹುಡುಗನು ದಳಕ್ಕೆ ಆಯ್ಕೆ ನಡೆಯುವ ದಿನವನ್ನೂ ತಪ್ಪಿಸಿಕೊಳ್ಳುತ್ತಾನೆ. ಮಳೆ ನಿಂತು ಕವಾಯತಿಗೆ ಮೈದಾನ ಒದಗುವ ಹೊತ್ತಿಗೆ ಅರೇಬಿಕಾ ಹಣ್ಣಾಗಿರುತ್ತದೆ. ನವೆಂಬರಿನಿಂದ ಜನವರಿಯವರೆಗೆ ಅದರ ಕೊಯ್ಲು, ಆ ಬೆನ್ನಿಗೇ ರೊಬಸ್ಟಾ. ಸಣ್ಣ ಹಿಡುವಳಿಯವನ ಮಗನಿಗೆ ಕಣದ ಕಾವಲು, ಕೂಲಿಯವರ ಮಗನಿಗೆ ದಿನಗೂಲಿ. ಇಬ್ಬರಿಗೂ ಹತ್ತು ದಿನಗಳ ಶಿಬಿರವೆಂದರೆ ಸುಗ್ಗಿಯಲ್ಲಿ ಹತ್ತು ದಿನಗಳ ನಷ್ಟ. ಹಾಜರಿ ಕಡಿಮೆಯಾದವನನ್ನು ಸೋಮಾರಿಯೆಂದು ಗಣಿಸುವ ಮುನ್ನ ಇದನ್ನು ಅಧ್ಯಾಪಕರು ಲಕ್ಷ್ಯದಲ್ಲಿಡುವುದು ನ್ಯಾಯವೆಂದು ನಮ್ಮ ಅಭಿಪ್ರಾಯ. ಎಲ್ಲ ಕಾಲೇಜುಗಳಲ್ಲಿಯೂ ದಳವಿರುವುದಿಲ್ಲವಾದ್ದರಿಂದ, ಕಾಲೇಜನ್ನು ಆರಿಸಿಕೊಳ್ಳುವಾಗಲೇ ಇದನ್ನು ವಿಚಾರಿಸುವುದು ಅಗತ್ಯ.

ಆಯ್ಕೆಮಂಡಲಿಯ ಪರೀಕ್ಷೆಯು ಐದು ದಿನಗಳದು. ನಮ್ಮವರಲ್ಲಿ ಅನೇಕರಿಗೆ ಬೆಂಗಳೂರಿನ ಕೇಂದ್ರವೇ ಸಮೀಪದ್ದು. ಮೊದಲ ದಿನ ಬುದ್ಧಿಮತ್ತೆಯ ಪ್ರಶ್ನೆಗಳು, ಚಿತ್ರವೊಂದನ್ನು ನೋಡಿ ಕಥೆ ಬರೆದು ಅದನ್ನು ಗುಂಪಿನಲ್ಲಿ ಚರ್ಚಿಸುವುದು. ಇದರಲ್ಲಿ ಉಳಿಯದವರು ಅಂದೇ ಊರಿಗೆ ಮರಳಬೇಕು. ಉಳಿದವರನ್ನು ಮನಶ್ಶಾಸ್ತ್ರಜ್ಞರೊಬ್ಬರು ಬರಹದಿಂದ, ಗುಂಪುಕಾರ್ಯಗಳ ಅಧಿಕಾರಿಯೊಬ್ಬರು ಮೈದಾನದಲ್ಲಿ, ಮತ್ತೊಬ್ಬರು ಸಂದರ್ಶನದಲ್ಲಿ ಪ್ರತ್ಯೇಕವಾಗಿ ಅಳೆಯುತ್ತಾರೆ. ಹಲಗೆ, ಹಗ್ಗ, ಮರದ ದಿಮ್ಮಿಗಳಿಂದ ತಡೆಗಳನ್ನು ದಾಟುವ ಕೆಲಸದಲ್ಲಿ, ಹಳ್ಳಕ್ಕೆ ಸಂಕ ಹಾಕಿ ಬೆಳೆದ ಮಲೆನಾಡಿನ ಹುಡುಗನು ಹಿಂದೆ ಬೀಳಲು ಕಾರಣವಿಲ್ಲ. ಅವನು ಎಡವುವುದು ಮಾತಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಅಪರಿಚಿತರ ನಡುವೆ ಇಂಗ್ಲಿಷಿನಲ್ಲಿ ವಾದಿಸಿ ರೂಢಿಯಿರುವುದಿಲ್ಲ. ಇದು ಧೈರ್ಯದ ಕೊರತೆಯಲ್ಲ, ಅಭ್ಯಾಸದ ಕೊರತೆ. ತರಗತಿಯಲ್ಲಿ ವಾರಕ್ಕೊಂದು ಗಂಟೆಯ ಚರ್ಚೆಯಿಂದಲೂ ಬಹುಮಟ್ಟಿಗೆ ನೀಗಬಹುದಾದುದು.

ಆಯ್ಕೆಯಾಗಿ, ವೈದ್ಯಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಅರ್ಹತಾಪಟ್ಟಿಯಲ್ಲಿ ಸ್ಥಾನ ಪಡೆದವರಿಗೆ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ 49 ವಾರಗಳ ಶಿಕ್ಷಣ. 1963ರಲ್ಲಿ ಶಾಲೆಯಾಗಿ ಆರಂಭವಾದ ಈ ಸಂಸ್ಥೆಗೆ ಅಕಾಡೆಮಿಯೆಂಬ ಹೆಸರು 1988ರಲ್ಲಿ ಬಂದಿತು. 1992ರಿಂದ ಮಹಿಳೆಯರೂ ಇಲ್ಲಿ ಶಿಕ್ಷಣ ಪಡೆಯುತ್ತಿದ್ದಾರೆ. ಇಲ್ಲಿ ದೊರೆಯುವುದು ಹತ್ತು ವರ್ಷಗಳ ಅಲ್ಪಾವಧಿ ಸೇವೆ. ಅದನ್ನು ನಾಲ್ಕು ವರ್ಷ ವಿಸ್ತರಿಸಬಹುದು, ಅರ್ಹರು ಕಾಯಂ ಸೇವೆಯನ್ನೂ ಪಡೆಯಬಹುದು. ಇಪ್ಪತ್ತಮೂರರಲ್ಲಿ ಅಧಿಕಾರಿಯಾದವನು ಮೂವತ್ತಮೂರರಲ್ಲಿ ತೋಟಕ್ಕೆ ಮರಳಬಹುದೆಂಬ ಲೆಕ್ಕವು, ಮಗನನ್ನು ಕಳುಹಿಸಲು ಹಿಂಜರಿಯುವ ಬೆಳೆಗಾರರಿಗೆ ಸಮಾಧಾನ ತರಬಹುದು.

ಪ್ರಾರಂಭದಲ್ಲಿ ಹೇಳಿದ ಕೊನೆಯ ವರ್ಷದ ವಿದ್ಯಾರ್ಥಿಯನ್ನು ಬರಿಗೈಯಲ್ಲಿ ಕಳುಹಿಸಬೇಕಾಗಿಲ್ಲ. ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಬಾರಿ ನಡೆಸುವ ಸಂಯುಕ್ತ ರಕ್ಷಣಾ ಸೇವೆಗಳ ಪರೀಕ್ಷೆಯು ಅವನಿಗೆ ತೆರೆದಿದೆ. ಚೆನ್ನೈನ ಅಕಾಡೆಮಿಗೆ ಇಂಗ್ಲಿಷ್ ಮತ್ತು ಸಾಮಾನ್ಯಜ್ಞಾನ ಎರಡೇ ಪತ್ರಿಕೆಗಳು. ಡೆಹರಾಡೂನಿನ ಅಕಾಡೆಮಿಗಾದರೆ ಪ್ರಾಥಮಿಕ ಗಣಿತವೂ ಸೇರುತ್ತದೆ. ಬೆಂಗಳೂರಿನಲ್ಲಿ ಪರೀಕ್ಷಾಕೇಂದ್ರವಿದೆ. ಆದರೆ ಅರ್ಜಿಯ ಗಡುವು ಪರೀಕ್ಷೆಗೆ ತಿಂಗಳುಗಳ ಮೊದಲೇ ಮುಗಿಯುವುದರಿಂದ, ಪ್ರಕಟಣೆ ಹೊರಟ ದಿನವೇ ಅದನ್ನು ಕಾಲೇಜಿನ ಸೂಚನಾಫಲಕದಲ್ಲಿ ಹಚ್ಚಬೇಕು.