ಕೊಟ್ಟಿಗೆಯಲ್ಲಿ ನಿಂತ ಕಾರಿನ ಧಾರಣೆ

ಕಾಫಿ, ಅಡಿಕೆ, ಮೆಣಸಿನ ಧಾರಣೆಯನ್ನೇ ಓದಿ ರೂಢಿಯಾದ ಸದಸ್ಯ ಬಾಂಧವರಿಗೆ ಈ ಸಲ ಹಳೆಯ ಮೋಟಾರು ಕಾರುಗಳ ಧಾರಣೆಯ ವಿಚಾರ ಹೇಳಹೊರಟಿದ್ದೇವೆ. ಇದಕ್ಕೆ ಕಾರಣರಾದವರು ನಮ್ಮ ಸದಸ್ಯರೊಬ್ಬರು. ಅವರ ಮಗಳನ್ನು ಕೊಟ್ಟಿರುವುದು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಗೆ. ಅಲ್ಲಿ ಬೀಗರ ಮನೆಯ ಹಿತ್ತಲ ಕೊಟ್ಟಿಗೆಯಲ್ಲಿ, ಕಬ್ಬಿನ ರವದಿಯ ಮರೆಯಲ್ಲಿ, ಅಜ್ಜನ ಕಾಲದ ಬ್ಯೂಕ್ ಕಾರೊಂದು ನಿಂತಿದೆ. ಈಚೆಗೆ ಒಬ್ಬ ವ್ಯಾಪಾರಿ ಬಂದು, "ಪೂರಾ ತುಕ್ಕು ಹಿಡದೈತಿ ಗೌಡ್ರ, ಗುಜರಿ ತೂಕಕ್ಕ ಹಾಕಿದ್ರ ಎಷ್ಟ್ ಬರ್ತೈತಿ? ನಾ ಅದರ ಡಬಲ್ ಕೊಡ್ತೇನ್ರಿ" ಎಂದನಂತೆ. ಎರಡನೆಯ ಸಲ ಬಂದಾಗ ಎರಡು ಪಟ್ಟು ಹೋಗಿ ಮೂರು ಪಟ್ಟಾಯಿತು. ಗುಜರಿಯ ಮಾಲಿಗೆ ಮೂರು ಪಟ್ಟು ಯಾಕೆ ಕೊಡುತ್ತಾನೆ, ಸ್ವಲ್ಪ ತಿಳಿದು ಹೇಳಿ ಎಂದು ಸದಸ್ಯರು ನಮ್ಮನ್ನು ಕೇಳಿದರು.

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಮಲೆನಾಡಿನ ಎಷ್ಟೋ ಎಸ್ಟೇಟ್ ಬಂಗಲೆಗಳ ಶೆಡ್ಡುಗಳಲ್ಲಿಯೂ ಹಳೆಯ ಆಸ್ಟಿನ್, ಮಾರಿಸ್, ಲ್ಯಾಂಡ್ ರೋವರ್ ಗಾಡಿಗಳು ಕೋಳಿ ಕೂರುವ ಜಾಗವಾಗಿ ಬಿದ್ದಿವೆ. ಆದ್ದರಿಂದ ಇದು ಘೋಡಗೇರಿಯ ಒಂದು ಮನೆಯ ಮಾತು ಮಾತ್ರವಲ್ಲ.

ಆ ಸೀಮೆಯವರಿಗೆ ಹಳೆಯ ಕಾರಿನ ಗೌರವ ಹೊಸದೇನೂ ಅಲ್ಲ. ಘೋಡಗೇರಿಯಿಂದ ಸಂಕೇಶ್ವರಕ್ಕೆ ಹೋಗಿ ಹೆದ್ದಾರಿ ಹಿಡಿದರೆ ಕೊಲ್ಲಾಪುರ ದೂರವಿಲ್ಲ. ಅಲ್ಲಿಯ ದಸರೆಯಲ್ಲಿ ಬನ್ನಿ ಮುಡಿಯುವ ಸಂಜೆ ರಾಜಮನೆತನದವರು ದಸರಾ ಚೌಕಕ್ಕೆ ಬರುವುದು ಜರ್ಮನಿಯ ಮೇಬ್ಯಾಕ್ ಕಾರಿನಲ್ಲಿ. ಛತ್ರಪತಿ ರಾಜಾರಾಮ ಮಹಾರಾಜರ ಕಾಲದಲ್ಲಿ, 1930ರ ದಶಕದಲ್ಲಿ ಬಂದ ಕಾರು. ಪಲ್ಲಕ್ಕಿಗೆ ಕೈಮುಗಿದ ಜನ ಆ ಕಾರನ್ನೂ ಕಣ್ತುಂಬ ನೋಡಿ ಬರುತ್ತಾರೆ. ಮಾರುವ ಮಾತೇ ಇಲ್ಲದ್ದರಿಂದ ಅದಕ್ಕೆ ಬೆಲೆ ಎಷ್ಟೆಂದು ಯಾರೂ ಕೇಳುವುದಿಲ್ಲ.

ಎಲ್ಲ ಸಂಸ್ಥಾನಗಳ ಕಾರುಗಳಿಗೂ ಈ ಭಾಗ್ಯ ಸಿಗಲಿಲ್ಲ. ಮೈಸೂರಿನ ಮಹಾರಾಜರು ರೋಲ್ಸ್ ರಾಯ್ಸ್ ಕಾರುಗಳನ್ನು ಏಳೇಳರಂತೆ ತರಿಸುತ್ತಿದ್ದರೆಂದೂ, ಹಾಗೆ ಗಟ್ಟಿಯಾಗಿ ಖರೀದಿ ಮಾಡುವುದಕ್ಕೆ ಆ ಕಂಪನಿಯವರೇ 'ಮೈಸೂರು ಮಾಡುವುದು' ಎನ್ನುತ್ತಿದ್ದರೆಂದೂ ಹೇಳುವುದುಂಟು. ಸಂಸ್ಥಾನಗಳು ವಿಲೀನವಾದವು, 1971ರಲ್ಲಿ ರಾಜಧನವೂ ರದ್ದಾಯಿತು. ಲೀಟರಿಗೆ ಎರಡು ಮೂರು ಕಿಲೋಮೀಟರ್ ಓಡುವ ಗಾಡಿಗಳನ್ನು ಸಾಕುವುದು ಅರಮನೆಗಳಿಗೇ ಭಾರವಾಯಿತು. ಆ ಹೊತ್ತಿನಲ್ಲಿ ತಿಳಿದವರು ಬಂದು ತೀರ ಅಗ್ಗದ ದರಕ್ಕೆ ಕೊಂಡು ಹೊರದೇಶಕ್ಕೆ ಸಾಗಿಸಿದರು. ರಾಜಕೋಟೆಯ ಅರಸರು 1934ರಲ್ಲಿ ಮಾಡಿಸಿದ 'ಸ್ಟಾರ್ ಆಫ್ ಇಂಡಿಯಾ' ಎಂಬ ಕೇಸರಿ ಬಣ್ಣದ ರೋಲ್ಸ್ ರಾಯ್ಸ್ 1968ರಲ್ಲಿ ಕೈಬಿಟ್ಟು ಇಂಗ್ಲೆಂಡಿಗೆ ಹೋಯಿತು. ಅದೇ ಮನೆತನದ ಮೊಮ್ಮಗ 2010ರ ಸುಮಾರಿಗೆ ಅದನ್ನು ಮರಳಿ ಕೊಂಡು ತಂದರು. ಅಜ್ಜನ ಮನೆಯ ವಸ್ತುವಿಗೆ ಮೊಮ್ಮಗ ಕೊಟ್ಟದ್ದು ಅಂತರರಾಷ್ಟ್ರೀಯ ಪೇಟೆಯ ಬೆಲೆ. ನಡುವಿನ ನಲವತ್ತು ವರ್ಷಗಳ ಏರಿಕೆ ಯಾರ ಪಾಲಾಯಿತೆಂದು ಬೇರೆ ಹೇಳಬೇಕಾಗಿಲ್ಲ. 1950ಕ್ಕೆ ಮುಂಚಿನ ಕಾರುಗಳನ್ನು ಮನಬಂದಂತೆ ರಫ್ತು ಮಾಡದಂತೆ ಸರ್ಕಾರ ನಿರ್ಬಂಧ ಹಾಕಿದ್ದೇನೋ ನಿಜ; ಆ ವೇಳೆಗೆ ಒಳ್ಳೆಯ ಮಾಲು ಬಹಳಷ್ಟು ಹಡಗು ಹತ್ತಿಯಾಗಿತ್ತು.

ಈ ಪೇಟೆಗೂ ನಮ್ಮ ಕಾಫಿ ಪೇಟೆಗೂ ಒಂದು ವಿಚಿತ್ರ ನಂಟಿದೆ. 1988ರಲ್ಲಿ ಇಟಲಿಯ ಎಂಜೊ ಫೆರಾರಿ ತೀರಿಕೊಂಡ ಮೇಲೆ ಅವರ ಕಂಪನಿಯ ಹಳೆಯ ಕಾರುಗಳ ದರ ಹುಚ್ಚು ಹಿಡಿದಂತೆ ಏರಿತು. 1962ರಿಂದ 1964ರೊಳಗೆ ಮೂವತ್ತಾರೇ ತಯಾರಾದ '250 ಜಿಟಿಒ' ಎಂಬ ಮಾದರಿ 1990ರ ಸುಮಾರಿಗೆ ಒಂದು ಕೋಟಿ ಡಾಲರು ದಾಟಿತು. ಸಾಲ ತೆಗೆದು ಕೊಂಡವರೂ ಇದ್ದರು. ಬಡ್ಡಿ ಏರಿತು, ಜಪಾನಿನ ಕೊಳ್ಳುವವರು ಹಿಂದೆಗೆದರು, ಕೆಲವೇ ವರ್ಷಗಳಲ್ಲಿ ಬೆಲೆ ಮೂರರಲ್ಲೊಂದು ಪಾಲಿಗೆ ಕುಸಿಯಿತು. ಸರಿಸುಮಾರು ಅದೇ ಕಾಲಕ್ಕೆ, 1989ರ ಜುಲೈಯಲ್ಲಿ, ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿದ್ದು ಕಾಫಿ ಧಾರಣೆ ನೆಲ ಕಚ್ಚಿದ್ದನ್ನು ಹಿರಿಯ ಬೆಳೆಗಾರರು ಮರೆತಿರಲಾರರು. ಮುಂದೆ 2018ರಲ್ಲಿ ಅದೇ ಮಾದರಿಯ ಒಂದು ಕಾರು 4.84 ಕೋಟಿ ಡಾಲರಿಗೆ ಹರಾಜಾಯಿತು. 1955ರ ಒಂದು ಮರ್ಸಿಡಿಸ್ 2022ರಲ್ಲಿ 13.5 ಕೋಟಿ ಯೂರೋ ಮುಟ್ಟಿತು. ಪತ್ರಿಕೆಯಲ್ಲಿ ಬರುವುದು ಈ ಎರಡನೆಯ ಸುದ್ದಿ. ನಡುವೆ ಇಪ್ಪತ್ತು ವರ್ಷ ಕಾಯಲಾರದೆ ಅರ್ಧಕ್ಕೆ ಮಾರಿದವರ ಸುದ್ದಿ ಯಾರೂ ಹಾಕುವುದಿಲ್ಲ.

ಹಾಗಾದರೆ ಬೆಲೆ ನಿಲ್ಲುವುದು ಯಾವುದರ ಮೇಲೆ? ಮೊದಲನೆಯದು, ಕಾರು ಎಷ್ಟು ಮೂಲದಂತೆಯೇ ಉಳಿದಿದೆ ಎಂಬುದರ ಮೇಲೆ. ಚಾಸಿಸ್ ನಂಬರು, ಎಂಜಿನ್ ನಂಬರು ಎರಡೂ ನೋಂದಣಿ ಪುಸ್ತಕದೊಂದಿಗೆ ತಾಳೆಯಾಗಬೇಕು. ನಮ್ಮ ಕಡೆ ಪೆಟ್ರೋಲು ತುಟ್ಟಿಯಾದಾಗ ಎಷ್ಟೋ ಜನ ದೊಡ್ಡ ಅಮೆರಿಕನ್ ಕಾರುಗಳ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂಡಿಸಿದರು. ಅಂದಿನ ಲೆಕ್ಕಕ್ಕೆ ಅದು ಜಾಣತನ. ಇಂದಿನ ಸಂಗ್ರಾಹಕನ ಕಣ್ಣಿಗೆ ಅರ್ಧ ಬೆಲೆ ಅಲ್ಲೇ ಹೋಯಿತು. ಮೂಲ ಎಂಜಿನ್ ಕೆಟ್ಟು ನಿಂತಿದ್ದರೂ ಅದೇ ಇರುವುದು ಲೇಸು. ದೀಪದ ಬಳೆ, ಗಡಿಯಾರ, ಬಾಗಿಲ ಹಿಡಿ, ಮುಂದಿನ ಲಾಂಛನ ಇಂಥ ಸಣ್ಣ ಸಾಮಾನುಗಳೇ ಸಿಗದವು. ಮಕ್ಕಳು ಆಡಲು ಒಯ್ದಿದ್ದರೆ ಅಟ್ಟದಲ್ಲಿ ಹುಡುಕಿಸಬೇಕು.

ಎರಡನೆಯದು ಕಾಗದ. ಅಜ್ಜನ ಹೆಸರಿನ ನೋಂದಣಿ ಪುಸ್ತಕ, ಕೊಂಡ ಬಿಲ್ಲು, ಮದುವೆಯ ದಿಬ್ಬಣದಲ್ಲಿ ಕಾರು ನಿಂತ ಒಂದು ಫೋಟೋ, ಇವೆಲ್ಲ ಸೇರಿದರೆ ಕಾರಿಗೆ ಕುಲಗೋತ್ರ ಬಂದಂತೆ. ಘೋಡಗೇರಿಗೆ ಬಂದ ವ್ಯಾಪಾರಿ ಕಾರು ನೋಡುವ ಮೊದಲು "ಬುಕ್ಕ್ ಐತೇನ್ರಿ?" ಎಂದು ಕೇಳಿದ್ದನಂತೆ. ಗುಜರಿ ಕೊಳ್ಳುವವನಿಗೆ ಬುಕ್ಕಿನ ಮೇಲೆ ಇಷ್ಟು ಆಸ್ಥೆ ಇರುವುದಿಲ್ಲ. ಹಸಿ ಅಡಿಕೆಯನ್ನು ಚೇಣಿಗೆ ಕೊಡುವವನು ಮರದ ಗೊನೆ ಎಣಿಸದೆ ಕೊಟ್ಟರೆ ಲಾಭ ಯಾರಿಗೆಂದು ನಮಗೆ ಗೊತ್ತು. ಇಲ್ಲಿಯೂ ಅಷ್ಟೇ. ಬೆಂಗಳೂರು, ಮುಂಬಯಿಗಳಲ್ಲಿ ಹಳೆಯ ಕಾರಿನವರ ಸಂಘಗಳಿವೆ. ನಂಬರು, ಫೋಟೋ ಕಳುಹಿಸಿ ಎರಡು ಮೂರು ಕಡೆ ಕೇಳಿದ ಮೇಲೆ ಮಾತು ಕೊಡಿ ಎಂದು ಬೀಗರಿಗೆ ಹೇಳಿ ಕಳಿಸಿದ್ದೇವೆ.

ಇನ್ನು ಕೊಳ್ಳುವವರ ಪಾಡು. 2024ರಲ್ಲಿ ಲಂಡನ್ ಪೇಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರು ದಾಟಿದ ಮೇಲೆ ನಮ್ಮ ಕೆಲವು ಯುವ ಬೆಳೆಗಾರರಿಗೂ ಈ ಹವ್ಯಾಸದ ಕಡೆ ಮನಸ್ಸು ಓಡಿದೆ. ತಪ್ಪೇನಿಲ್ಲ, ಲೆಕ್ಕ ಮಾತ್ರ ಪೂರ್ತಿ ಹಾಕಬೇಕು. ಆರು ಲಕ್ಷಕ್ಕೆ ಒಂದು ಕಾರು ಸಿಕ್ಕಿತೆನ್ನಿ. ತಗಡಿನ ಕೆಲಸ, ಮರದ ಚೌಕಟ್ಟು, ಕ್ರೋಮಿಯಂ ಲೇಪ, ಗಾದಿ, ಹೊರದೇಶದಿಂದ ತರಿಸುವ ಬಿಡಿಭಾಗ ಎಲ್ಲ ಸೇರಿ ಒಂಬತ್ತು ಲಕ್ಷ. ಎರಡು ವರ್ಷ ಕೆಲಸ. ಹದಿನಾರಕ್ಕೆ ಮಾರಿದರೆ ಒಂದು ಲಕ್ಷ ಲಾಭವೆಂದು ಕಾಣುತ್ತದೆ. ಎರಡು ವರ್ಷದ ಬಡ್ಡಿ ಹಾಕಿದರೆ ನಷ್ಟ. ರಿಪೇರಿಯಾದ ಕಾರನ್ನೇ ಕೊಳ್ಳುವುದು ಎಷ್ಟೋ ಸಲ ಅಗ್ಗ ಎಂದು ಈ ವಹಿವಾಟಿನಲ್ಲಿ ಪಳಗಿದವರೂ ಹೇಳುತ್ತಾರೆ. ಕೊಂಡು ಮಾರುವವರಲ್ಲಿ ಗೆಲ್ಲುವವನು ಕೊಳ್ಳುವಾಗಲೇ ಲಾಭ ಹಿಡಿದವನು, ಅಂದರೆ ತಿಳಿಯದ ಮನೆಯಲ್ಲಿ ಕೊಂಡವನು!

ಮಲೆನಾಡಿನವರಿಗೆ ಮಳೆಗಾಲವೇ ದೊಡ್ಡ ಶತ್ರು. ನೆಲದಿಂದ ಎತ್ತಿ ಮರದ ದಿಮ್ಮಿಯ ಮೇಲೆ ನಿಲ್ಲಿಸಿ, ಗಾಳಿಯಾಡುವಂತೆ ಮುಚ್ಚಬೇಕು. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರಿ ತುಕ್ಕು ಹೆಚ್ಚುತ್ತದೆ. ಈಗ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇದೆ. ಘೋಡಗೇರಿಯಂಥ ಕಬ್ಬಿನ ಊರುಗಳಿಗೆ ಅದು ಒಳ್ಳೆಯದೇ. ಆದರೆ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ಓಡಿಸದೆ ನಿಲ್ಲಿಸುವಾಗ ಟ್ಯಾಂಕು ಬರಿದು ಮಾಡುವುದು ಕ್ಷೇಮ.

ಮಾರದೆ ಉಳಿಸಿಕೊಂಡವರ ದೊಡ್ಡ ಮಾದರಿ ನಮ್ಮಲ್ಲೇ ಇದೆ. ಧರ್ಮಸ್ಥಳದ ಶ್ರೀ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳನ್ನು ಕ್ಷೇತ್ರಕ್ಕೆ ಹೋದ ಸದಸ್ಯರು ನೋಡಿರಬಹುದು. ಶ್ರೀರಂಗಪಟ್ಟಣದ ಬಳಿ 'ಪಯಣ' ಎಂಬ ಸಂಗ್ರಹಾಲಯವೂ ಆಗಿದೆ. ಶೆಡ್ಡಿನಲ್ಲಿರುವುದು ಏನೆಂದು ತಿಳಿಯಬೇಕಾದವರು ಒಮ್ಮೆ ಹೋಗಿ ಅಂಥದೇ ಕಾರು ಅಲ್ಲಿದ್ದರೆ ಹೋಲಿಸಿ ನೋಡಬಹುದು.

ಕಾನೂನಿನ ಮಾತು ಎರಡು. ಐವತ್ತು ವರ್ಷ ಮೀರಿ, ಮೂಲರೂಪದಲ್ಲಿ ಉಳಿದ ಕಾರುಗಳಿಗೆ 2021ರ ಕೇಂದ್ರ ನಿಯಮದಂತೆ ಪ್ರತ್ಯೇಕ ನೋಂದಣಿ ಇದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ನವೀಕರಣಕ್ಕೆ 5,000. ಮೊದಲೇ ನೋಂದಣಿಯಾಗಿದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಇಂಥ ಕಾರನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ ರಸ್ತೆಗಿಳಿಸಬಹುದೇ ಹೊರತು ದಿನದ ಓಡಾಟಕ್ಕಲ್ಲ.

ಮಾರುವವರು ಹಣ ಎಣಿಸಿಕೊಂಡು ಸುಮ್ಮನಾಗಬಾರದು. ವ್ಯಾಪಾರಿಗಳು ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡು, ವರ್ಗಾವಣೆ ಮಾಡಿಸದೆ, ಮೂರನೆಯ ನಾಲ್ಕನೆಯ ಕೈಗೆ ಗಾಡಿ ದಾಟಿಸುವುದು ಹಳೆಯ ಚಾಳಿ. ಪುಸ್ತಕದಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ಅಜ್ಜ ತೀರಿಹೋಗಿ ಪುಸ್ತಕ ಇನ್ನೂ ಅವರ ಹೆಸರಲ್ಲೇ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ಫಾರಂ 29, 30 ತುಂಬಿ, ಹದಿನಾಲ್ಕು ದಿನದೊಳಗೆ ಆರ್.ಟಿ.ಒ. ಕಚೇರಿಗೆ ತಿಳಿಸಿ, ಮೊಹರು ಬಿದ್ದ ಪ್ರತಿಯನ್ನು ತೋಟದ ಕಾಗದಪತ್ರಗಳ ಜೊತೆಯಲ್ಲೇ ಇಟ್ಟುಕೊಳ್ಳಬೇಕು.